ತಾರೆಗೆ ತಕ್ಕ ಕೋಚ್ ಯಾರು?

ದೊಡ್ಡ ಆಟಗಾರನಿಗೆ ದೊಡ್ಡ ಹೆಸರಿನ ಕೋಚೇ ಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ವಿದ್ಯಾರ್ಥಿಗಳ ವಿಶ್ರಾಂತಿ ಕೊಠಡಿಯಲ್ಲಿ ಈ ಮಾತು ಎದ್ದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಪ್ರತಿಭಾವಂತನನ್ನು ಅವನ ಪಾಡಿಗೆ ಬಿಟ್ಟುಬಿಡಬೇಕು, ಮೀನಿಗೆ ಈಜು ಕಲಿಸಲು ಹೋಗಬಾರದು ಎನ್ನುವವರು ಒಂದು ಪಕ್ಷ. ಮದ್ದಾನೆಗೆ ಅಂಕುಶವೇ ಮದ್ದು, ಬಿಗಿಯಾದ ಕೋಚ್ ಇಲ್ಲದಿದ್ದರೆ ತಾರೆಯು ತಂಡವನ್ನೇ ತುಳಿದುಹಾಕುತ್ತಾನೆ ಎನ್ನುವವರು ಇನ್ನೊಂದು ಪಕ್ಷ. ಎರಡೂ ಕಡೆಯ ವಾದವನ್ನು ನಾನು ಸಾಕಷ್ಟು ಕೇಳಿದ್ದೇನೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಾನು ಮೂರು ವರ್ಷದಿಂದ ಇರುವವನು. ಆದರೆ ಅಂಗಣದಲ್ಲಿ ಇದ್ದುದಕ್ಕಿಂತ ಬೆಂಚಿನ ಮೇಲೆ ಇದ್ದುದೇ ಹೆಚ್ಚು. ಬೆಂಚಿನ ಮೇಲೆ ಕುಳಿತವನಿಗೆ ಒಂದು ಲಾಭವುಂಟು. ಆಡುವವರು ಚೆಂಡನ್ನು ನೋಡುತ್ತಾರೆ, ಪ್ರೇಕ್ಷಕರು ತಾರೆಯನ್ನು ನೋಡುತ್ತಾರೆ, ಬೆಂಚಿನವನು ಕೋಚಿನ ಮುಖವನ್ನು ನೋಡುತ್ತಾನೆ. ಈ ವಿಷಯದಲ್ಲಿ ಬಾಯಿ ಹಾಕಲು ನನಗಿರುವ ಅಧಿಕಾರ ಇಷ್ಟೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಾರೆಗೆ ತಕ್ಕ ಕೋಚ್ ಎಂದರೆ ಅವನಿಗೆ ಹೊಸ ವಿದ್ಯೆ ಕಲಿಸುವವನಲ್ಲ. ಅವನು ಎಲ್ಲಕ್ಕಿಂತ ಚೆನ್ನಾಗಿ ಮಾಡುವ ಕೆಲಸವೊಂದುಂಟಲ್ಲ, ಅದನ್ನೇ ಸ್ವಲ್ಪ ಕಡಮೆ ಮಾಡೆಂದು ಕೇಳುವ ಎದೆಗಾರಿಕೆಯುಳ್ಳವನು; ಮತ್ತು ಆ ಮಾತನ್ನು ತಾರೆಯು ಒಪ್ಪಿಕೊಳ್ಳುವ ಹಾಗೆ ಕೇಳಬಲ್ಲವನು. ಬರಿಯ ಎದೆಗಾರಿಕೆಯುಳ್ಳ ಕೋಚುಗಳು ಬೇಕಾದಷ್ಟು ಸಿಕ್ಕಾರು. ಒಪ್ಪುವ ಹಾಗೆ ಕೇಳಬಲ್ಲವರು ದುರ್ಲಭ.

ಇದಕ್ಕೆ ಅಮೆರಿಕದ ವಿಲ್ಟ್ ಚೇಂಬರ್ಲೇನನ ಕಥೆಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. 1936ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿದ ಈತ 7 ಅಡಿ 1 ಅಂಗುಲದ ಆಳು. ಅಷ್ಟು ಎತ್ತರದವರು ಆ ಆಟದಲ್ಲಿ ಬೇರೆಯೂ ಇದ್ದರು; ಆದರೆ ಆ ಎತ್ತರದೊಡನೆ ಅಂಥ ಬಲ, ಓಟ, ನೆಗೆತಗಳು ಒಂದೇ ದೇಹದಲ್ಲಿ ಕೂಡಿದ್ದುದು ಅಪರೂಪ. 1959ರಲ್ಲಿ ವೃತ್ತಿ ಆಟಗಾರರ ಸಂಘವಾದ ಎನ್.ಬಿ.ಎ.ಗೆ ಕಾಲಿಟ್ಟ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 37.6 ಅಂಕ ಗಳಿಸಿ, ವರ್ಷದ ಹೊಸ ಆಟಗಾರ, ವರ್ಷದ ಅತ್ಯುತ್ತಮ ಆಟಗಾರ ಎಂಬ ಎರಡು ಗೌರವಗಳನ್ನೂ ಒಟ್ಟಿಗೆ ಬಾಚಿಕೊಂಡ. 1973ರವರೆಗೆ 14 ವರ್ಷ ಆಡಿದ. ಈ 14 ವರ್ಷಗಳಲ್ಲಿ ಅವನಿಗೆ ದೊರೆತ ಕೋಚುಗಳು ಎಂಟು ಮಂದಿ! ಗೆದ್ದ ಚಾಂಪಿಯನ್‌ಷಿಪ್ಪುಗಳು ಎರಡು. ಆ ಎರಡೂ ಬೇರೆ ಬೇರೆ ಕೋಚುಗಳ ಕೈಕೆಳಗೆ ಬಂದವು. ಉಳಿದ ಆರು ಮಂದಿ ಅವನಿಂದ ಏನನ್ನು ಪಡೆದರು, ಏನನ್ನು ಪಡೆಯಲಾರದೆ ಹೋದರು ಎಂದು ನೋಡಿದರೆ ನಮ್ಮ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಂತೆಯೇ.

ಮೊದಲನೆಯವನಾದ ನೀಲ್ ಜಾನ್‌ಸ್ಟನ್ ಅದೇ ಫಿಲಡೆಲ್ಫಿಯ ವಾರಿಯರ್ಸ್ ತಂಡದ ಹಿಂದಿನ ಹಿರಿಯ ಆಟಗಾರ. ಕೋಚ್ ಕೆಲಸಕ್ಕೆ ಹೊಸಬ. ಅವನ ವಿಷಯದಲ್ಲಿ ಹೆಚ್ಚು ಹೇಳುವಂಥದಿಲ್ಲ. ಎರಡು ವರ್ಷ ಇದ್ದು ಹೋದ.

1961ರಲ್ಲಿ ಬಂದವನು ಫ್ರಾಂಕ್ ಮ್ಯಾಕ್‌ಗ್ವೈರ್. ಇವನನ್ನು ಚೇಂಬರ್ಲೇನ್ ಮರೆಯುವಂತಿರಲಿಲ್ಲ. 1957ರಲ್ಲಿ ವಿಶ್ವವಿದ್ಯಾಲಯಗಳ ಅಂತಿಮ ಪಂದ್ಯದಲ್ಲಿ ಚೇಂಬರ್ಲೇನನ ಕ್ಯಾನ್ಸಾಸ್ ತಂಡವನ್ನು, ಮೂರು ಬಾರಿ ಹೆಚ್ಚುವರಿ ಸಮಯ ಆಡಿದ ಮೇಲೆ, 54–53ರಿಂದ ಸೋಲಿಸಿದ ನಾರ್ತ್ ಕ್ಯಾರೊಲೀನ ತಂಡದ ಕೋಚ್ ಇವನೇ. ಮ್ಯಾಕ್‌ಗ್ವೈರ್ ಬಂದವನೇ ಚೇಂಬರ್ಲೇನನ ಕೈಗೇ ಎಲ್ಲವನ್ನೂ ಒಪ್ಪಿಸಿಬಿಟ್ಟ. ಪಂದ್ಯ 48 ನಿಮಿಷದ್ದು. ಆ ವರ್ಷ ಚೇಂಬರ್ಲೇನ್ ಆಡಿದುದು ಸರಾಸರಿ 48.5 ನಿಮಿಷ! ಹೆಚ್ಚುವರಿ ಸಮಯವೂ ಸೇರಿ ಸರಾಸರಿಯೇ ಪಂದ್ಯವನ್ನು ಮೀರಿಬಿಟ್ಟಿತು. ಅಂಕಗಳ ಸರಾಸರಿ 50.4. ಮಾರ್ಚ್ 2, 1962ರ ರಾತ್ರಿ ಹರ್ಷಿ ಎಂಬ ಸಣ್ಣ ಊರಿನಲ್ಲಿ ನ್ಯೂಯಾರ್ಕ್ ತಂಡದ ಮೇಲೆ ಒಬ್ಬನೇ 100 ಅಂಕ ಗಳಿಸಿದ. ನೋಡಲು ಬಂದಿದ್ದವರು ನಾಲ್ಕು ಸಾವಿರ ಚಿಲ್ಲರೆ ಜನ. ನಾನು ನೋಡಿದೆ ಎಂದು ಆಮೇಲೆ ಹೇಳಿಕೊಂಡವರು ಅದರ ಹತ್ತರಷ್ಟಿದ್ದರೂ ಆಶ್ಚರ್ಯವಿಲ್ಲ.

ಈ ಕೋಚನ್ನು ಬಯ್ಯುವುದು ಈಗ ವಾಡಿಕೆ. ಒಬ್ಬನಿಗೇ ಎಲ್ಲ ಚೆಂಡನ್ನೂ ಕೊಟ್ಟು ಉಳಿದ ನಾಲ್ವರನ್ನು ಕಂಬಗಳನ್ನಾಗಿ ಮಾಡಿದ ಎಂಬುದು ಆಪಾದನೆ. ನನಗೆ ಇದು ಅಷ್ಟು ನ್ಯಾಯವೆಂದು ತೋರುವುದಿಲ್ಲ. ಆ ತಂಡ 80 ಪಂದ್ಯಗಳಲ್ಲಿ 49 ಗೆದ್ದಿತು. ಬಾಸ್ಟನ್ ಸೆಲ್ಟಿಕ್ಸ್‌ನಂಥ ಪ್ರಚಂಡ ತಂಡದೊಡನೆ ಏಳನೆಯ ಪಂದ್ಯದವರೆಗೆ ಹೋರಾಡಿ, ಎರಡೇ ಅಂಕಗಳಿಂದ ಸೋತಿತು. ತನ್ನ ಕೈಯಲ್ಲಿ ಏನಿದೆಯೆಂದು ಲೆಕ್ಕ ಹಾಕಿ ಆಡಿಸಿದ ಕೋಚ್ ಅವನು. ಆದರೆ ಒಂದು ಮಾತು ನಿಜ. ತಾರೆಯಿಂದ ಅವನು ಕೇಳಿದುದು ತಾರೆಗೆ ಪ್ರಿಯವಾದುದನ್ನೇ. ಅದಕ್ಕೆ ದೊರೆತ ಫಲವೂ ತಾರೆಗೇ ಸೇರಿದ ಫಲ. ದಾಖಲೆಯ ಪುಸ್ತಕದಲ್ಲಿ ಆ ವರ್ಷ ಚೇಂಬರ್ಲೇನನದು. ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಬಾಸ್ಟನ್ನಿನದು.

ಮುಂದಿನ ವರ್ಷ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಥಳಾಂತರವಾಯಿತು; ಮ್ಯಾಕ್‌ಗ್ವೈರ್ ಜೊತೆಯಲ್ಲಿ ಹೋಗಲಿಲ್ಲ. ಬಾಬ್ ಫೀರಿಕ್ ಎಂಬವನ ಕೈಯಲ್ಲಿ ಚೇಂಬರ್ಲೇನ್ ಸರಾಸರಿ 44.8 ಅಂಕ ಗಳಿಸಿದ. ತಂಡ ಗೆದ್ದುದು ಮಾತ್ರ 31 ಪಂದ್ಯ. ಆಮೇಲೆ 1963ರಲ್ಲಿ ಬಂದವನು ಅಲೆಕ್ಸ್ ಹ್ಯಾನಮ್. ಇಲ್ಲಿಂದ ಕಥೆಗೆ ರುಚಿ ಹತ್ತುತ್ತದೆ.

ಹ್ಯಾನಮ್ ಆಟಗಾರನಾಗಿ ಸಾಧಾರಣ ದರ್ಜೆಯವನು. ಆದರೆ 1958ರಲ್ಲಿ ಸೇಂಟ್ ಲೂಯಿಸ್ ತಂಡದ ಕೋಚಾಗಿ ಅದೇ ಬಾಸ್ಟನ್ನನ್ನು ಸೋಲಿಸಿದ್ದವನು. ಗಟ್ಟಿ ದೇಹ, ಗಟ್ಟಿ ಧ್ವನಿ. ಮುಖದ ಮೇಲೆ ಹೊಡೆದ ಹಾಗೆ ಮಾತು. ಅವನು ಚೇಂಬರ್ಲೇನನಿಗೆ ಎದುರು ನಿಂತು ಕೇಳಿದ ಮಾತಿನ ತಾತ್ಪರ್ಯ ಇಷ್ಟು: ನೀನು ಚೆಂಡು ಹಿಡಿದರೆ ಇಬ್ಬರೋ ಮೂವರೋ ನಿನ್ನ ಮೇಲೆ ಬೀಳುತ್ತಾರೆ; ಹಾಗಾದರೆ ನಮ್ಮವರಲ್ಲಿ ಒಬ್ಬನೋ ಇಬ್ಬರೋ ಕಾವಲಿಲ್ಲದೆ ನಿಂತಿರಲೇಬೇಕು; ಅವರಿಗೆ ಚೆಂಡು ಕೊಡು. ಇಬ್ಬರ ನಡುವೆ ಜಗಳಗಳಾದವು. ಕೈ ಕೈ ಹತ್ತುವ ಮಟ್ಟಕ್ಕೆ ಹೋಗಿದ್ದವೆಂದು ಹೇಳುವವರೂ ಇದ್ದಾರೆ. ಕೊನೆಗೆ ಚೇಂಬರ್ಲೇನ್ ಒಪ್ಪಿದ. ಆ ವರ್ಷ ಅವನ ಸರಾಸರಿ 36.9ಕ್ಕೆ ಇಳಿಯಿತು, ತಂಡದ ಗೆಲವು 31ರಿಂದ 48ಕ್ಕೆ ಏರಿತು. ನೇಟ್ ಥರ್ಮಂಡ್ ಎಂಬ ಒಳ್ಳೆಯ ಹೊಸ ಆಟಗಾರ ಬಂದಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಕೋಚಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಕೀರ್ತಿ ಕೊಟ್ಟಂತಾದೀತು. ಅಂತಿಮ ಸುತ್ತಿನಲ್ಲಿ ಮತ್ತೆ ಬಾಸ್ಟನ್ನೇ ಗೆದ್ದಿತು.

ಇಲ್ಲಿಗೇ ನಿಲ್ಲಿಸಿ "ನೋಡಿ, ತಕ್ಕ ಕೋಚ್ ಸಿಕ್ಕಿದ, ಎಲ್ಲ ಸರಿಹೋಯಿತು" ಎಂದುಬಿಟ್ಟರೆ ನನ್ನ ವಾದಕ್ಕೆ ಅನುಕೂಲವೇ. ಆದರೆ ಅದರ ಮರುವರ್ಷ ಅದೇ ಕೋಚು, ಅದೇ ತಂಡ, 80ರಲ್ಲಿ 63 ಪಂದ್ಯಗಳನ್ನು ಸೋತಿತು. ವರ್ಷದ ಆರಂಭದಲ್ಲಿ ಚೇಂಬರ್ಲೇನ್ ಕಾಯಿಲೆ ಬಿದ್ದ. ಹಣದ ಮುಗ್ಗಟ್ಟೂ ಇತ್ತು. 1965ರ ಜನವರಿಯಲ್ಲಿ ಅವನನ್ನು ಫಿಲಡೆಲ್ಫಿಯದ ಹೊಸ ತಂಡಕ್ಕೆ ಸಾಗಹಾಕಿದರು. ತಕ್ಕ ಕೋಚೆಂಬುದು ಮಂತ್ರದ ತಾಯಿತವಲ್ಲ.

ಫಿಲಡೆಲ್ಫಿಯದಲ್ಲಿ ಕೋಚಾಗಿದ್ದವನು ಡಾಲ್ಫ್ ಷೇಯ್ಸ್. ಆಟಗಾರನಾಗಿ ಇವನ ಹೆಸರು ಬಹು ದೊಡ್ಡದು. ತಪ್ಪಾಟಕ್ಕೆ ಬದಲಾಗಿ ದೊರೆಯುವ ಫ್ರೀ ಥ್ರೋ ಎಸೆಯುವುದರಲ್ಲಂತೂ ತನ್ನ ಕಾಲದ ನಿಸ್ಸೀಮ. ಚೇಂಬರ್ಲೇನನ ದೌರ್ಬಲ್ಯವೆಲ್ಲ ಅದೊಂದರಲ್ಲೇ. ಇಡೀ ವೃತ್ತಿಜೀವನದಲ್ಲಿ ಎಸೆದ ಫ್ರೀ ಥ್ರೋಗಳಲ್ಲಿ ಸುಮಾರು ಅರ್ಧಕ್ಕರ್ಧ ವ್ಯರ್ಥ. ರೋಗಿಗೆ ಬೇಕಾದ ಔಷಧಿಯೇ ವೈದ್ಯನ ಜೇಬಿನಲ್ಲಿದ್ದಂತಾಯಿತಲ್ಲ ಎಂದುಕೊಳ್ಳಬಹುದು. ಫಲ? 1966ರಲ್ಲಿ ತಂಡ 55 ಪಂದ್ಯ ಗೆದ್ದು, ಷೇಯ್ಸ್ ವರ್ಷದ ಉತ್ತಮ ಕೋಚೆನಿಸಿಕೊಂಡ. ಬಾಸ್ಟನ್ ಎದುರಿನ ಕೊನೆಯ ಪಂದ್ಯದಲ್ಲಿ ಚೇಂಬರ್ಲೇನ್ 25 ಫ್ರೀ ಥ್ರೋಗಳಲ್ಲಿ 8ನ್ನು ಮಾತ್ರ ಬುಟ್ಟಿಗೆ ಹಾಕಿದ. ತಂಡ ಸೋತಿತು, ಷೇಯ್ಸ್ ಕೆಲಸ ಕಳೆದುಕೊಂಡ. ತನಗೆ ಸಹಜವಾಗಿ ಬಂದ ವಿದ್ಯೆಯನ್ನು ಇನ್ನೊಬ್ಬನಿಗೆ ಕಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ಅಧ್ಯಾಪಕ ವರ್ಗದವರು ಬೇರೆ ಉದಾಹರಣೆಗಳನ್ನೂ ಕೊಟ್ಟಾರು.

ಈ ಫ್ರೀ ಥ್ರೋ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. 100 ಅಂಕದ ಆ ರಾತ್ರಿ ಅವನು 32ರಲ್ಲಿ 28ನ್ನು ಬುಟ್ಟಿಗೆ ಹಾಕಿದ್ದ. ಆ ವರ್ಷವೆಲ್ಲ ಎರಡು ಕೈಗಳಲ್ಲಿ ಚೆಂಡನ್ನು ಮೊಣಕಾಲಿನ ಬಳಿಯಿಂದ ಮೇಲಕ್ಕೆ ತೂರುವ ಹಳೆಯ ಪದ್ಧತಿಯನ್ನು ಅನುಸರಿಸುತ್ತಿದ್ದ. ಅದರಿಂದ ಗುಣ ಕಂಡಿತ್ತು. ಆದರೂ ಬಿಟ್ಟುಬಿಟ್ಟ! ಹಾಗೆ ತೂರುವಾಗ ತಾನು ಹೆಣ್ಣಿಗನಂತೆ ಕಾಣುತ್ತೇನೆ ಎಂಬ ನಾಚಿಕೆ ಅವನಿಗೆ. ಆಮೇಲೆ ತಾನೇ ಬರೆದುಕೊಂಡಿದ್ದಾನೆ. ಹೆಚ್ಚು ಅಂಕ ಬರುವ ದಾರಿಯನ್ನು ನಾಚಿಕೆಗಾಗಿ ಬಿಡುವ ಮನುಷ್ಯನಿಗೆ ಬರಿಯ ಲೆಕ್ಕ ತೋರಿಸಿದರೆ ಸಾಲದು. ಅವನ ಮಾನವನ್ನೂ ಉಳಿಸಿಕೊಡಬೇಕು. ಕೋಚುಗಳು ಎಡವುವುದು ಬಹುತೇಕ ಇಲ್ಲಿಯೇ.

ಷೇಯ್ಸನ ಸ್ಥಾನಕ್ಕೆ ಮತ್ತೆ ಬಂದವನು ಹ್ಯಾನಮ್! ಎರಡನೆಯ ಸಲ ಅದೇ ಮಾತನ್ನು ಕೇಳಿದ. ಆದರೆ ಈ ಸಲ ಕೇಳಲು ಆಧಾರವಿತ್ತು. ಹಾಲ್ ಗ್ರೀರ್, ಚೆಟ್ ವಾಕರ್, ಬಿಲ್ಲಿ ಕನಿಂಗ್‌ಹ್ಯಾಮ್, ಲೂಕ್ ಜ್ಯಾಕ್ಸನ್—ಚೆಂಡು ಕೊಟ್ಟರೆ ಬುಟ್ಟಿಗೆ ಹಾಕಬಲ್ಲವರು ಸುತ್ತಲೂ ಇದ್ದರು. "ಇತರರಿಗೆ ಕೊಡು" ಎಂದು ಹೇಳುವ ಮುನ್ನ ಇತರರು ಇರಬೇಕಲ್ಲ! ಏಳು ವರ್ಷ ಎಡೆಬಿಡದೆ ಅಂಕಗಳಲ್ಲಿ ಮೊದಲಿಗನಾಗಿದ್ದ ಚೇಂಬರ್ಲೇನ್ ಆ ವರ್ಷ ಸರಾಸರಿ 24.1 ಅಂಕಕ್ಕೆ ಇಳಿದ. ತಂಡ ಮೊದಲ 50 ಪಂದ್ಯಗಳಲ್ಲಿ 46 ಗೆದ್ದಿತು. ಒಟ್ಟು 81ರಲ್ಲಿ 68. ಎಂಟು ವರ್ಷ ಒಂದೇ ಸಮನೆ ಗೆದ್ದಿದ್ದ ಬಾಸ್ಟನ್ನಿನ ಓಟ 1967ರಲ್ಲಿ ನಿಂತಿತು. ಚೇಂಬರ್ಲೇನನಿಗೆ ಮೊದಲ ಚಾಂಪಿಯನ್‌ಷಿಪ್ ಬಂದಿತು.

ಮರುವರ್ಷದ ಸಂಗತಿಯನ್ನೂ ಮುಚ್ಚಿಡಬಾರದು. ಇತರರಿಗೆ ಚೆಂಡು ಕೊಡುವುದನ್ನು ಕಲಿತ ಚೇಂಬರ್ಲೇನ್ ಅದರಲ್ಲೂ ದಾಖಲೆ ಮಾಡಬೇಕೆಂದು ಹೊರಟ. 1968ರಲ್ಲಿ ಇಡೀ ಸಂಘದಲ್ಲೇ ಅತಿ ಹೆಚ್ಚು ಸಲ, ಅಂದರೆ 702 ಸಲ, ಬೇರೆಯವರ ಅಂಕಕ್ಕೆ ನೆರವಾದವನು ಅವನೇ. ದಾನ ಮಾಡುವುದರಲ್ಲೂ ತಾನೇ ಮೊದಲಿಗನಾಗಬೇಕೆಂಬ ಮನುಷ್ಯಸ್ವಭಾವ ನೋಡಿ! ಬಾಸ್ಟನ್ ಎದುರಿನ ಏಳನೆಯ ಪಂದ್ಯದ ದ್ವಿತೀಯಾರ್ಧದಲ್ಲಿ, ತಂಡ ಸೋಲುತ್ತಿದ್ದಾಗ, ಅವನು ಬುಟ್ಟಿಗೆ ಎಸೆದುದು ಎರಡೇ ಸಲ. ಕಡಮೆ ಮಾಡೆಂದು ಹೇಳಿದ ಕೋಚ್, ಈಗ ಹೆಚ್ಚು ಮಾಡೆಂದು ಹೇಳಬೇಕಾದ ಗಳಿಗೆಯಲ್ಲಿ ಹೇಳಲಿಲ್ಲವೆಂದು ಜನ ಹ್ಯಾನಮನನ್ನು ದೂರಿದರು. ಈ ದೂರಿನಲ್ಲಿ ಹುರುಳಿದೆಯೆಂದೇ ನನ್ನ ಎಣಿಕೆ. ಲಗಾಮು ಹಾಕಲು ಬಲ್ಲವನಿಗೆ ಸಡಿಲಿಸಲೂ ಬರಬೇಕು.

1968ರಲ್ಲಿ ಚೇಂಬರ್ಲೇನ್ ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಹೋದ. ಅಲ್ಲಿನ ಕೋಚ್ ವಾನ್ ಬ್ರೆಡಾ ಕೋಲ್ಫ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿ ಬಂದವನು. ಐವರೂ ಸದಾ ಓಡಾಡುತ್ತ, ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಆಡುವ ಪದ್ಧತಿ ಅವನದು. ಸುಂದರವಾದ ಪದ್ಧತಿ; ಆದರೆ ಬುಟ್ಟಿಯ ಕೆಳಗೆ ನಿಂತ 7 ಅಡಿಯ ಮನುಷ್ಯನಿಗೆ ಅದರಲ್ಲಿ ಜಾಗವಿಲ್ಲ. ಪದ್ಧತಿಯನ್ನು ಬದಲಿಸಲು ಕೋಚ್ ಒಪ್ಪಲಿಲ್ಲ. ತನ್ನ ಜಾಗ ಬಿಡಲು ತಾರೆ ಒಪ್ಪಲಿಲ್ಲ. ವರ್ಷವಿಡೀ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಇದ್ದರು. 1969ರ ಮೇ 5ರಂದು ಅಂತಿಮ ಸುತ್ತಿನ ಏಳನೆಯ ಪಂದ್ಯ, ಎದುರಾಳಿ ಬಾಸ್ಟನ್. ಗೆದ್ದ ಕೂಡಲೇ ಬೀಳಿಸಲೆಂದು ತಂಡದ ಮಾಲೀಕ ಛಾವಣಿಯಲ್ಲಿ ಬಲೂನುಗಳನ್ನು ಬೇರೆ ಕಟ್ಟಿಸಿಟ್ಟಿದ್ದ. ಕೊನೆಯ ಐದಾರು ನಿಮಿಷಗಳಿರುವಾಗ ಚೇಂಬರ್ಲೇನ್ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಬಂದ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು, ಮತ್ತೆ ಆಡುತ್ತೇನೆಂದು ಕೇಳಿದ. ಕೋಚ್ ಬೇಡವೆಂದ. ಅವನಿಲ್ಲದೆಯೇ ತಂಡ ಅಂತರವನ್ನು ತಗ್ಗಿಸುತ್ತಿತ್ತು. ಅದನ್ನು ತೋರಿಸಿಕೊಡುವ ಹಟ ಕೋಚಿಗೆ. ಲೇಕರ್ಸ್ 108–106ರಿಂದ ಸೋತರು. ಬಲೂನುಗಳು ಛಾವಣಿಯಲ್ಲೇ ಉಳಿದವು. ಕೋಚ್ ಕೆಲಸ ಬಿಟ್ಟು ಹೋದ. ಅಂಕುಶವಾದಿಗಳು ಈ ಪಂದ್ಯವನ್ನು ಒಂದು ಸಲ ಓದಿಕೊಳ್ಳುವುದು ಒಳ್ಳೆಯದು. ಆ ಕೋಚಿಗೆ ಎದೆಗಾರಿಕೆ ಬೇಕಾದಷ್ಟಿತ್ತು. ಆದರೆ ಅದು ತಂಡ ಗೆಲ್ಲಲೆಂದು ತೋರಿದ ಎದೆಗಾರಿಕೆಯೋ, ತಾರೆ ಸೋಲಲೆಂದು ತೋರಿದುದೋ?

ಜೋ ಮಲೇನಿ ಎರಡು ವರ್ಷ ಇದ್ದು ಹೋದ ಮೇಲೆ, 1971ರಲ್ಲಿ ಬಿಲ್ ಷಾರ್ಮನ್ ಬಂದ. ವಿಚಿತ್ರವೆಂದರೆ ಇವನು ಬಾಸ್ಟನ್ನಿನ ಹಳೆಯ ಆಟಗಾರ. ಚೇಂಬರ್ಲೇನನ ಆಜನ್ಮ ವೈರಿಗಳ ಬೀಡಿನಿಂದಲೇ ಬಂದವನು. ಆಗ ಚೇಂಬರ್ಲೇನನಿಗೆ 35 ವರ್ಷ. ಷಾರ್ಮನ್ ಅವನನ್ನು ಕೇಳಿದುದು ಹ್ಯಾನಮ್ ಕೇಳಿದುದಕ್ಕಿಂತಲೂ ದೊಡ್ಡದು: ಅಂಕ ಗಳಿಸುವುದನ್ನೇ ಮರೆತುಬಿಡು, ಎದುರಾಳಿಯನ್ನು ತಡೆ, ಹಲಗೆಯಿಂದ ಸಿಡಿದ ಚೆಂಡನ್ನು ಹಿಡಿ, ಓಡುವವರ ಕೈಗೆ ಎಸೆ. ಅಂದರೆ, ಬಾಸ್ಟನ್ನಿನ ಬಿಲ್ ರಸೆಲ್ ಮಾಡುತ್ತಿದ್ದುದನ್ನು ಮಾಡು! ಹನ್ನೆರಡು ವರ್ಷಗಳಿಂದ "ರಸೆಲ್ ಗೆಲ್ಲುತ್ತಾನೆ, ನೀನು ಅಂಕ ಗಳಿಸುತ್ತೀಯೆ" ಎಂಬ ಹೋಲಿಕೆಯನ್ನು ಕೇಳಿ ಬೆಂದಿದ್ದ ಮನುಷ್ಯನಿಗೆ ಈ ಮಾತು ಹೇಳಬೇಕಾದರೆ ಎಷ್ಟು ನಾಜೂಕು ಬೇಕು! ಷಾರ್ಮನನಲ್ಲಿ ಅದು ಇತ್ತು. ಅಪ್ಪಣೆ ಮಾಡಲಿಲ್ಲ; ಎದುರಿಗೆ ಕೂರಿಸಿಕೊಂಡು ಮಾತನಾಡಿದ; ತಂಡದ ನಾಯಕತ್ವವನ್ನೂ ಅವನಿಗೆ ಒಪ್ಪಿಸಿದ. ಪಂದ್ಯದ ದಿನ ಬೆಳಗ್ಗೆ ಎಲ್ಲರೂ ಸೇರಿ ಲಘುವಾಗಿ ಅಭ್ಯಾಸ ಮಾಡುವ ಪದ್ಧತಿಯನ್ನು ಷಾರ್ಮನ್ ಜಾರಿಗೆ ತಂದ, ಬೆಳಗ್ಗೆ ಏಳುವುದೆಂದರೆ ಚೇಂಬರ್ಲೇನನಿಗೆ ಆಗದು, ಆದರೂ ಬಂದ. ಆ ವರ್ಷ ಅವನ ಸರಾಸರಿ ಅಂಕ 14.8. ಹತ್ತು ವರ್ಷಗಳ ಹಿಂದಿನ 50.4ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ತಂಡ ಎಡೆಬಿಡದೆ 33 ಪಂದ್ಯ ಗೆದ್ದಿತು. ಆ ದಾಖಲೆ ಇಂದಿಗೂ ಮುರಿದಿಲ್ಲ. 82ರಲ್ಲಿ 69 ಗೆಲವು, ಮತ್ತು 1972ರ ಚಾಂಪಿಯನ್‌ಷಿಪ್. ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರ ಚೇಂಬರ್ಲೇನನೇ. ಷಾರ್ಮನ್ ಆ ವರ್ಷ ಕೂಗಿ ಕೂಗಿ ಗಂಟಲನ್ನು ಶಾಶ್ವತವಾಗಿ ಕೆಡಿಸಿಕೊಂಡ. ಆದರೂ ಚೇಂಬರ್ಲೇನನನ್ನು ಗೆದ್ದುಕೊಂಡುದು ಕೂಗಿ ಅಲ್ಲ.

ಇಲ್ಲಿ ನನ್ನ ಮಿತ್ರರೊಬ್ಬರು ಆಕ್ಷೇಪಿಸುತ್ತಾರೆ: ಹಾಗಾದರೆ ತಾರೆಯೇ ತನಗೆ ಬೇಕಾದ ಕೋಚನ್ನು ಏಕೆ ಆರಿಸಿಕೊಳ್ಳಬಾರದು? ಇದಕ್ಕೆ ಅವರು ಕೊಡುವ ನಿದರ್ಶನ ಮ್ಯಾಜಿಕ್ ಜಾನ್‌ಸನ್ನನದು. ಅದೂ ಲೇಕರ್ಸ್ ತಂಡದ ಕಥೆಯೇ. 1980ರಲ್ಲಿ ಪಾಲ್ ವೆಸ್ಟ್‌ಹೆಡ್ ಎಂಬ ಕೋಚಿನೊಡನೆ ಚಾಂಪಿಯನ್‌ಷಿಪ್ ಗೆದ್ದಿದ್ದ ಜಾನ್‌ಸನ್, 1981ರ ನವೆಂಬರಿನಲ್ಲಿ ಆ ಕೋಚಿನ ಹೊಸ ಪದ್ಧತಿ ಒಗ್ಗದೆ, ನನ್ನನ್ನು ಬೇರೆ ತಂಡಕ್ಕೆ ಕಳಿಸಿಬಿಡಿ ಎಂದ. ಮರುದಿನವೇ ವೆಸ್ಟ್‌ಹೆಡ್ಡನ್ನು ತೆಗೆದುಹಾಕಿದರು. ಜನ ಜಾನ್‌ಸನ್ನನಿಗೆ ಛೀಮಾರಿ ಹಾಕಿದರು. ಆದರೆ ಕೋಚಾಗಿ ಬಂದ ಪ್ಯಾಟ್ ರೈಲಿಯೊಡನೆ ತಂಡ 1982ರಲ್ಲಿ ಗೆದ್ದಿತು. ಆಮೇಲೆ ಇನ್ನೂ ಮೂರು ಸಲ ಗೆದ್ದಿತು. ಇದನ್ನು ಅಲ್ಲಗಳೆಯುವಂತಿಲ್ಲ. ತಾರೆ ಬೇಡವೆಂದ ಕೋಚ್ ತಕ್ಕವನಾಗಿರಲಿಲ್ಲ. ಆದರೆ ಗಮನಿಸಬೇಕು: ರೈಲಿಯನ್ನು ಜಾನ್‌ಸನ್ ಆರಿಸಲಿಲ್ಲ, ಆಡಳಿತದವರು ಆರಿಸಿದರು. ಆ ಆಡಳಿತದಲ್ಲಿ ಇದ್ದವನು ಗಂಟಲು ಕಳೆದುಕೊಂಡ ನಮ್ಮ ಷಾರ್ಮನ್. ರೈಲಿಯೋ, 1972ರಲ್ಲಿ ಷಾರ್ಮನ್ನನ ಆ ತಂಡದಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತಿದ್ದು, ಚೇಂಬರ್ಲೇನ್ ಬದಲಾದುದನ್ನು ಕಣ್ಣಾರೆ ಕಂಡಿದ್ದವನು! ಯಾರು ಬೇಡವೆಂದು ತಾರೆಗೆ ತಿಳಿದೀತು. ಯಾರು ಬೇಕೆಂದು ತಿಳಿಯುವುದು ಕಷ್ಟ.

ಮೈಕಲ್ ಜಾರ್ಡನ್ನನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬೆಳೆಸುವುದಿಲ್ಲ. 1987ರಲ್ಲಿ ಅವನ ಸರಾಸರಿ 37.1 ಅಂಕ, ಅವನ ಷಿಕಾಗೋ ತಂಡ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಆಗಿನ ಕೋಚ್ ಡಗ್ ಕಾಲಿನ್ಸ್ ಕಳಕಳಿಯ ಮನುಷ್ಯ. ತಂಡವನ್ನು ಮೇಲೆತ್ತಿದವನೂ ಹೌದು. 1989ರಲ್ಲಿ ಅವನ ಜಾಗಕ್ಕೆ ಫಿಲ್ ಜ್ಯಾಕ್ಸನ್ ಬಂದ. ಟೆಕ್ಸ್ ವಿಂಟರ್ ಎಂಬ ವೃದ್ಧ ಸಹಾಯಕನ 'ತ್ರಿಕೋನ' ಪದ್ಧತಿಯನ್ನು ಹಿಡಿದು, ಚೆಂಡು ಐವರ ಕೈಗೂ ಹೋಗಬೇಕೆಂದು ಜಾರ್ಡನ್ನನನ್ನು ಒಪ್ಪಿಸಿದ. ಜಾರ್ಡನ್ ಸುಲಭವಾಗಿ ಒಪ್ಪಿದವನಲ್ಲ. ಅವನ ಅಂಕಗಳು ಇಳಿದುದೂ ಸ್ವಲ್ಪವೇ, 33.6ರಿಂದ 31.5ಕ್ಕೆ. ಆದರೆ 1991ರ ಕೊನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವನು ಕಾವಲಿಲ್ಲದೆ ನಿಂತಿದ್ದ ಜಾನ್ ಪ್ಯಾಕ್ಸನ್ನನಿಗೆ ಚೆಂಡು ಕೊಟ್ಟ. ಪ್ಯಾಕ್ಸನ್ ಒಂದರ ಮೇಲೊಂದರಂತೆ ಬುಟ್ಟಿಗೆ ಹಾಕಿದ. ಆರು ಚಾಂಪಿಯನ್‌ಷಿಪ್ಪುಗಳಲ್ಲಿ ಮೊದಲನೆಯದು ಅದು. ಈ ಜ್ಯಾಕ್ಸನ್ ಕೂಡ ಆಟಗಾರನಾಗಿ ನ್ಯೂಯಾರ್ಕ್ ತಂಡದ ಬೆಂಚಿನವನು! ಹ್ಯಾನಮ್ ಸಾಧಾರಣ ಆಟಗಾರ, ರೈಲಿ ಬೆಂಚು, ಜ್ಯಾಕ್ಸನ್ ಬೆಂಚು. ಇದರಿಂದ ಒಂದು ಸಿದ್ಧಾಂತವನ್ನೇ ಮಂಡಿಸೋಣವೆಂದರೆ ಷಾರ್ಮನ್ ಅಡ್ಡ ಬರುತ್ತಾನೆ. ಅವನು ಬಾಸ್ಟನ್ನಿನ ಅಗ್ರಗಣ್ಯ ಆಟಗಾರ. ಹೋಗಲಿ.

ಇನ್ನು ನಮ್ಮ ಕಾಲೇಜಿನ ಮಾತು. ಸರ್ಕಾರಿ ಕಾಲೇಜಿನಲ್ಲಿ ಕೋಚನ್ನು ಆರಿಸುವ ಪ್ರಶ್ನೆಯೇ ಎಲ್ಲಿ ಬಂತು ಎಂದು ನೀವು ನಗಬಹುದು. ಇರುವವರು ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ನೆಗೆತ ಎಲ್ಲಕ್ಕೂ ಅವರೊಬ್ಬರೇ. ಆದರೂ ಪ್ರಶ್ನೆ ಬಂತು. ನಮ್ಮಲ್ಲೂ ಒಬ್ಬ ತಾರೆಯಿದ್ದಾನೆ. 6 ಅಡಿ 4 ಅಂಗುಲ. ಹೆಸರು ಬೇಡ, ಓದುಗರಿಗೆ ಗೊತ್ತೇ ಇದೆ. ಅಂತರ ಕಾಲೇಜು ಪಂದ್ಯಗಳಿಗೆ ಮುನ್ನ, ಇಂಥ ಹುಡುಗನಿಗೆ ತಕ್ಕ ತರಬೇತಿ ಸಿಗಬೇಕೆಂದು ಊರಿನ ಕ್ರೀಡಾಭಿಮಾನಿಗಳು ಹಣ ಕೂಡಿಸಿ, ಹೊರಗಿನಿಂದ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ಕರೆಸಿದರು. ಅವರು ಜಾಣರು, ಶ್ರಮಜೀವಿಗಳು. ಕಪ್ಪು ಹಲಗೆಯ ಮೇಲೆ ಅವರು ಬರೆದ ಚಿತ್ರಗಳಲ್ಲಿ ಬಾಣಗಳೆಲ್ಲ ಕೊನೆಗೆ ಒಂದೇ ವೃತ್ತಕ್ಕೆ ಬಂದು ಸೇರುತ್ತಿದ್ದವು. ಉಳಿದ ನಾಲ್ವರಿಗೆ ಚೆಂಡು ಮುಟ್ಟಿಸುವುದಷ್ಟೇ ಕೆಲಸ. ಎರಡು ವಾರದಲ್ಲಿ ಆ ನಾಲ್ವರ ಪೈಕಿ ಇಬ್ಬರು ಸಂಜೆ ಬರುವುದನ್ನೇ ಬಿಟ್ಟರು. ತಾರೆಗೂ ಆಟದಲ್ಲಿ ಮೊದಲಿದ್ದ ನಗು ಮಾಯವಾಯಿತು. ಮೂರು ಜನರ ನಡುವೆ ಸಿಕ್ಕಿಬಿದ್ದು ದಿನವೂ ಮೊಣಕೈ ಏಟು ತಿನ್ನುವವನಿಗೆ ನಗು ಎಲ್ಲಿಂದ ಬರಬೇಕು?

ತಿಂಗಳು ಮುಗಿದು ಅವರು ಹೋದ ಮೇಲೆ ನಮ್ಮ ನಿರ್ದೇಶಕರು ಒಂದು ಸಂಜೆ ಅಂಗಣಕ್ಕೆ ಬಂದರು. ಅವರು ಕಬಡ್ಡಿಯಲ್ಲಿ ನುರಿತವರು. ಬ್ಯಾಸ್ಕೆಟ್‌ಬಾಲ್ ತಮಗೆ ಅಷ್ಟಕ್ಕಷ್ಟೇ ಎಂದು ಅವರೇ ಹೇಳಿಕೊಳ್ಳುತ್ತಾರೆ. ತಾರೆಯನ್ನು ಹತ್ತಿರ ಕರೆದು, "ನೋಡಪ್ಪ, ಇವತ್ತು ನೀನು ಬುಟ್ಟಿಗೆ ಎಸೆಯೋ ಹಾಗಿಲ್ಲ. ಈ ನಾಲ್ವರ ಕೈಲಿ ಹಾಕಿಸು. ನಿನ್ನಿಂದ ಆಗುತ್ತೆ, ಇವರ ಕೈಲಿ ಆಗಲ್ಲ, ಅದಕ್ಕೇ ನಿನ್ನ ಕೇಳ್ತಾ ಇದೀನಿ" ಎಂದರು. ಅವನ ಮುಖ ಸಣ್ಣಗಾಯಿತು. ಆ ಸಂಜೆ ಹೇಗೋ ಆಡಿದ. ಮರುದಿನ ಬರುತ್ತಾನೋ ಇಲ್ಲವೋ ಎಂದು ನಾವೆಲ್ಲ ಕಾಯುತ್ತಿದ್ದೆವು. ಎಲ್ಲರಿಗಿಂತ ಮೊದಲೇ ಬಂದಿದ್ದ. ಬಿಟ್ಟುಹೋದ ಇಬ್ಬರನ್ನೂ ಹಾಸ್ಟೆಲಿಗೆ ಹೋಗಿ ಎಳೆದುಕೊಂಡು ಬಂದವನು ಅವನೇ. ಇದರಿಂದ ನಾವು ಕಪ್ ಗೆದ್ದೆವೆಂದು ತಿಳಿಯಬೇಡಿ. ಎರಡನೆಯ ಸುತ್ತಿನಲ್ಲಿ 9 ಅಂಕಗಳಿಂದ ಸೋತೆವು. ಆದರೆ ಆ ಪಂದ್ಯದಲ್ಲಿ ನಮ್ಮ ಕಡೆಯಿಂದ ಏಳು ಮಂದಿ ಅಂಕ ಗಳಿಸಿದರು; ನನ್ನವೂ ನಾಲ್ಕು ಸೇರಿದ್ದವು. ಮುಂದಿನ ವರ್ಷಕ್ಕೆ ಮತ್ತೆ ಹಣ ಕೂಡಿಸಲು ಹೊರಟಿರುವ ಅಭಿಮಾನಿಗಳಿಗೆ ನನ್ನ ವಿನಂತಿ ಇಷ್ಟೆ: ಬರುವವರ ಪ್ರಶಸ್ತಿಪತ್ರಗಳನ್ನು ನೋಡುವ ಮೊದಲು, ಒಂದು ಸಂಜೆ ಅವರು ಆ ಹುಡುಗನಿಗೆ 'ಬೇಡ' ಎಂದು ಹೇಳುವುದನ್ನು ನೋಡಿ, ಮರುದಿನ ಅವನು ಬರುತ್ತಾನೆಯೇ ಎಂಬುದನ್ನೂ ನೋಡಿ. ಆ ಹಣದಲ್ಲಿ ನಾಲ್ಕು ಹೊಸ ಚೆಂಡು ಕೊಂಡರೂ ನನ್ನ ಆಕ್ಷೇಪಣೆಯಿಲ್ಲ.

ಚೇಂಬರ್ಲೇನನ ವಿಷಯದಲ್ಲಿ ಒಂದು ಮಾತು ಉಳಿಯಿತು. 1973ರಲ್ಲಿ ಅವನು ಸ್ಯಾನ್ ಡಿಯಾಗೋ ನಗರದ, ಬೇರೊಂದು ಸಂಘಕ್ಕೆ ಸೇರಿದ ತಂಡವನ್ನು ಸೇರಿದ. ಆಟಗಾರನೂ ಅವನೇ, ಕೋಚೂ ಅವನೇ ಎಂದು ಒಪ್ಪಂದ. ಆದರೆ ಲೇಕರ್ಸ್ ಜೊತೆಗಿನ ಕರಾರು ಇನ್ನೂ ಮುಗಿಯದಿದ್ದ ಕಾರಣ ಆಡಕೂಡದೆಂದು ತಡೆಯಾಯಿತು. ಬಾಸ್ಟನ್ನಿನಲ್ಲಿ ರಸೆಲ್ 1966ರಿಂದ ಮೂರು ವರ್ಷ ತನಗೆ ತಾನೇ ಕೋಚಾಗಿದ್ದು ಎರಡು ಸಲ ಗೆದ್ದಿದ್ದ. ಚೇಂಬರ್ಲೇನನಿಗೆ ಆ ಭಾಗ್ಯವೂ ಬರಲಿಲ್ಲ. ಕೋಚಾಗಿ ಮಾತ್ರ ಒಂದು ವರ್ಷ ಇದ್ದ. ತಂಡ 84ರಲ್ಲಿ 37 ಪಂದ್ಯ ಗೆದ್ದಿತು. ಆ ಕೆಲಸದಲ್ಲಿ ಅವನಿಗೆ ಮನಸ್ಸಿರಲಿಲ್ಲ. ಕೆಲವು ಪಂದ್ಯಗಳಿಗೆ ಬರುತ್ತಲೇ ಇರಲಿಲ್ಲ. ಬಹುಪಾಲು ಭಾರವನ್ನು ಹೊತ್ತವನು ಸಹಾಯಕ ಸ್ಟ್ಯಾನ್ ಆಲ್‌ಬೆಕ್. ಹನ್ನೆರಡು ವರ್ಷಗಳ ಮೇಲೆ, 1985ರಲ್ಲಿ, ಈ ಆಲ್‌ಬೆಕ್ ಷಿಕಾಗೋ ತಂಡದ ಕೋಚಾದ. ಅಲ್ಲಿ ಅವನ ಕೈಗೆ ಬಂದವನು ಕಾಲಿನ ಮೂಳೆ ಮುರಿದುಕೊಂಡು ಗುಣವಾಗುತ್ತಿದ್ದ ತರುಣ ಜಾರ್ಡನ್; ಇಷ್ಟೇ ನಿಮಿಷ ಆಡಿಸಬೇಕೆಂದು ಆಡಳಿತದವರ ಕಟ್ಟಪ್ಪಣೆ, ಪೂರ್ತಿ ಆಡಿಯೇ ತೀರುತ್ತೇನೆಂದು ಹುಡುಗನ ಹಟ. ಆ ಒಂದು ವರ್ಷ ಮುಗಿಯುತ್ತಲೇ ಆಲ್‌ಬೆಕ್ಕನ್ನು ತೆಗೆದುಹಾಕಿದರು.